ಒಂಬತ್ತು ಗಂಟೆ, ಅರ್ಧ ಬಾಡಿಗೆ

ಅಮ್ಮಾನಿನಲ್ಲಿ ಇಳಿದಾಗ ಹನ್ನೊಂದು.
ಮುಂದಿನ ವಿಮಾನ ರಾತ್ರಿ ಎಂಟಕ್ಕೆ, ಎಂದಿತು ಬೋರ್ಡು.
ಸಾಲು ಕುರ್ಚಿಗಳ ನಡುನಡುವೆ ಕಬ್ಬಿಣದ ಹಿಡಿ,
ಯಾರೂ ಕಾಲು ಚಾಚಿ ಮಲಗದಿರಲೆಂಬ ಜಾಣತನ.
ಪಕ್ಕದಲ್ಲಿ ಮಾರಿವಿಕ್: ರೋಮಿನಲ್ಲಿ ಮುದುಕಿಯೊಬ್ಬಳನ್ನು
ಆರು ವರ್ಷ ಮೀಯಿಸಿ, ಉಣಿಸಿ, ಕೊನೆಗೆ ಮಣ್ಣು ಮಾಡಿ
ಸಮಾರ್ ದ್ವೀಪದ ಮನೆಗೆ ಹೊರಟವಳು.
ಕಾರು ತಗೊಳ್ಳೋಣವೇ, ಅಂದವಳು ಅವಳೇ.
"ನನಗೆ ಓಡಿಸೋಕೆ ಬರೋದಿಲ್ಲ. ಅರ್ಧ ಬಾಡಿಗೆ ನನ್ನದು."

ಬಾಡಿಗೆ ಕಟ್ಟೆಯ ಘಾಲೆಬ್, ಕಾಗದದಲ್ಲಿ ಬರೆದ ಕಾರಿಗೆ
ಒಂದೊಂದೇ ಗಾಯ ಗುರುತು ಹಾಕಿದ:
ಬಲ ಬಾಗಿಲಲ್ಲಿ ಗೀರು, ಹಿಂದಿನ ಬಂಪರಿನಲ್ಲಿ ತಗ್ಗು,
ಗಾಜಿನ ಮೂಲೆಯಲ್ಲಿ ಸಾಸಿವೆಯಷ್ಟು ಬಿರುಕು.
"ಇವು ಹಳೆಯವು. ಇವಕ್ಕೆ ನೀವು ಹೊಣೆಯಲ್ಲ."
ಇಂಥದೊಂದು ಕಾಗದ ಮದುವೆಗೂ ಇರಬೇಕಿತ್ತು, ಎಂದೆ.
ಅವನು ನಗಲಿಲ್ಲ. ಬೆರಳಲ್ಲಿ ಹೊಸ ಉಂಗುರವಿತ್ತು.

ಎಡಗಡೆಯ ಸ್ಟಿಯರಿಂಗು ನನಗೆ ಹೊಸದು.
ತಿರುವು ಬಂದಾಗಲೆಲ್ಲ ಇಂಡಿಕೇಟರೆಂದು ವೈಪರು ಹಾಕಿದೆ;
ಮಳೆಯ ಸುಳಿವೇ ಇಲ್ಲದ ನೆಲದಲ್ಲಿ ಒಣ ಗಾಜನ್ನು
ಗರಗರ ಉಜ್ಜುತ್ತ ಸಾಗಿತು ಸವಾರಿ.
ದಾರಿಬದಿಯ ಕಾಫಿಗೂಡಿನ ಹುಡುಗ ಖಾಲಿ ತಟ್ಟೆ ಬೀಸಿ
ರೈಲು ನಿಲ್ಲಿಸುವವನಂತೆ ಕರೆದ. ನಿಂತೆವು.
ಏಲಕ್ಕಿಯ ಘಮ, ಲೋಟದ ತಳದಲ್ಲಿ ಎರಡು ಬೆರಳು ಗಷ್ಟು.
"ಸಮುದ್ರಕ್ಕಾ? ಕೆಳಗೆ. ಕೆಳಗೆ. ಇನ್ನೂ ಕೆಳಗೆ."
ಅಂಗೈಯನ್ನು ಮೂರು ಸಲ ನೆಲದತ್ತ ಇಳಿಸಿದ.

ಇಳಿದೆವು. ತಿರುವಿನಲ್ಲಿ ಒಂದು ಕಲ್ಲು: ಕಡಲ ಮಟ್ಟ.
ದಾರಿ ಅಲ್ಲಿಗೂ ನಿಲ್ಲಲಿಲ್ಲ. ಕಿವಿ ಕಟ್ಟಿತು, ಬಿಟ್ಟಿತು.
ಬೆಳಿಗ್ಗೆ ಮೋಡದ ಮೇಲೆ ಉಪ್ಪಿಟ್ಟಿಗೂ ಕಡೆಯಾದ ಏನನ್ನೋ ತಿಂದಿದ್ದ ನಾವು
ಮಧ್ಯಾಹ್ನ, ಪಾತಾಳದ ಬಾಗಿಲಲ್ಲಿ,
ಕಾರು ನಿಲ್ಲಿಸಲು ನೆರಳು ಹುಡುಕುತ್ತಿದ್ದೆವು.

ತೀರದ ಕಾವಲಿನ ಮುತ್ಲಕ್ ಮೆಟ್ಟಿಲು ಎಣಿಸಿ ತೋರಿಸಿದ.
ಅವನು ಕೆಲಸಕ್ಕೆ ಸೇರಿದಾಗ ನೀರು ಆ ಹಸಿರು ಕಂಬಿಯ ಹತ್ತಿರ.
ಈಗ ವರ್ಷಕ್ಕೆ ಮೂರೋ ನಾಲ್ಕೋ ಹೊಸ ಮೆಟ್ಟಿಲು ಕಟ್ಟುತ್ತಾರಂತೆ,
ಮುನಿಸಿಕೊಂಡು ಹಿಂದೆ ಹಿಂದೆ ಸರಿಯುವ ಬೀಗರನ್ನು
ಓಲೈಸುತ್ತ ಹೋದ ಹಾಗೆ.
"ಬೆನ್ನ ಮೇಲೆ ಮಲಗಿ. ಕಣ್ಣಿಗೆ ತಾಗಿಸಬೇಡಿ.
ಇಲ್ಲಿ ಮುಳುಗೋದು ಬಲು ಕಷ್ಟ."

ಮಾರಿವಿಕ್ ಮೊಣಕಾಲುದ್ದ ನೀರಿನಲ್ಲಿ ಬಹಳ ಹೊತ್ತು ನಿಂತಳು.
ತಮ್ಮನೊಬ್ಬನಿದ್ದ, ದಾದೋಯ್,
ಮೀನಿಗೆ ಹೋದ, ಬಿರುಗಾಳಿ, ದೋಣಿ ಮಾತ್ರ ಬಂತು.
ಇಷ್ಟೇ ಹೇಳಿದಳು, ತೋಳಿಗೆ ನೀರು ಸವರಿಕೊಳ್ಳುತ್ತ.
ಆಮೇಲೆ, ಹಿಂದೆ ಕುರ್ಚಿಯಿದೆಯೆಂದು ನಂಬಿ, ಕೂತಳು.
ನೀರು ಹಿಡಿದುಕೊಂಡಿತು.
ಎಣ್ಣೆಯಷ್ಟು ಮಂದ, ಯಾರನ್ನೂ ಒಳಕ್ಕೆ ಬಿಟ್ಟುಕೊಳ್ಳದ ನೀರು.
ಕಾಲ್ಬೆರಳು ಹತ್ತೂ ಮೇಲೆ ಬಂದವು.
ಅವನ್ನೇ ನೋಡಿ ನಕ್ಕಳು.
ಎದುರು ದಡದ ಬೆಟ್ಟ ಬಿಸಿಲಿನಲ್ಲಿ ಇತ್ತೋ ಇಲ್ಲವೋ.
ನಾನು ಗಡಿಯಾರ ನೋಡಿದೆ: ನಾಲ್ಕೂವರೆ; ಪೆಟ್ರೋಲು; ಚೆಕ್‌ಇನ್ನು.
ಕರೆಯಬೇಕಿತ್ತು.
ಕರೆಯಲಿಲ್ಲ.
ನನ್ನ ಹಿಮ್ಮಡಿಯಲ್ಲಿ ಯಾವುದೋ ಹಳೆಯ ಬಿರುಕನ್ನು ಹುಡುಕಿ ತೆಗೆದು
ಉಪ್ಪು ಉರಿಸುತ್ತಿತ್ತು.

ಮರಳುವಾಗ ವೈಪರು ಒಂದೇ ಸಲ ತಪ್ಪಿ ಹಾಕಿದೆ.
ಅವಳಿಗೆ ನಿದ್ದೆ; ಕೂದಲು ಉಪ್ಪಿಗೆ ಸೆಟೆದು ಹಗ್ಗವಾಗಿತ್ತು.
ಘಾಲೆಬ್ ಕಾಗದ ಹಿಡಿದು ಕಾರಿಗೆ ಪ್ರದಕ್ಷಿಣೆ ಬಂದ.
ಬಲ ಬಾಗಿಲಲ್ಲಿ, ಆ ಹಳೆಯ ಗೀರಿನ ಮೇಲೇ,
ಬಿಳಿಯ ಅಂಗೈ ಗುರುತು, ಐದೂ ಬೆರಳು.
ಬಗ್ಗಿ ನೋಡಿದ. ಉಗುರಿನಿಂದ ಕೆರೆದ, ಮೂಸಿದ.
ಪೆನ್ನು ತೆಗೆದವನು ಮತ್ತೆ ಜೇಬಿಗಿಟ್ಟ.
"ಪೆಟ್ರೋಲು ಎರಡು ಲೀಟರು ಕಡಿಮೆಯಿದೆ," ಅಂದ.
ಒಂದು ಲೀಟರಿನ ದುಡ್ಡು ಅವಳು ಎಣಿಸಿ ಕೊಟ್ಟಳು.