ಹನ್ನೊಂದು ಗೀಟು

ಫಾರ್ಮಿನಲ್ಲಿ ಕೇಳಿದ್ದರು:
ಬಸುರಿದ್ದಾಗ ಜ್ವರ ಬಂದಿತ್ತೆ, ಬಿದ್ದಿದ್ದಿರಾ, ಬಹಳ ಅತ್ತಿದ್ದಿರಾ,
ಯಾವ ಮಾತ್ರೆ, ಎಷ್ಟು ದಿನ,
ಮನೆತನದಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ.
ಸೋದರತ್ತೆ ನೆನಪಾದಳು. ಬರೆಯಲಿಲ್ಲ.
ಯಾವ ಗಾಳಿ ಕುಡಿದಿರಿ ಎಂದು
ಎಲ್ಲೂ ಕೇಳಿರಲಿಲ್ಲ.

ಇಂಚರಳಿಗೀಗ ಎಂಟು.
ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಅಂಗೈ ಬೆವರುತ್ತದೆ.
ರಾತ್ರಿ ಮೂರು ಸಲ ಎದ್ದು
ಅಪ್ಪನ ಮೂಗಿನ ಕೆಳಗೆ ಬೆರಳು ಹಿಡಿದು
ಉಸಿರಿದೆಯೆಂದು ಗೊತ್ತಾದ ಮೇಲೆ ಮಲಗುತ್ತಾಳೆ.
ಪೆನ್ಸಿಲಿನ ಮೊನೆ ಮುರಿದರೆ ಒಂದು ತಾಸು ಅಳು.
ಟೀಚರು ಡೈರಿಯಲ್ಲಿ ಬರೆದು ಕಳಿಸಿದರು: ಹಟ ಜಾಸ್ತಿ.

ಅವಳು ಹೊಟ್ಟೆಯಲ್ಲಿದ್ದ ವರ್ಷ
ಫಹಾಹೀಲಿನ ಒಂದು ಕಂಪನಿಯಲ್ಲಿ
ನಾನು ಗಾಳಿಯ ಲೆಕ್ಕ ಬರೆಯುತ್ತಿದ್ದೆ.
ಛಾವಣಿಯ ಮೇಲಿನ ಯಂತ್ರ ತಾಸಿಗೊಂದು ಅಂಕಿ ಉಗುಳುತ್ತಿತ್ತು;
ಹೆಕ್ಕಿ ಹೆಕ್ಕಿ ಕಂಪ್ಯೂಟರಿನ ಮನೆಗಳಿಗೆ ತುಂಬುತ್ತಿದ್ದೆ.
ನೂರಾ ನಲವತ್ತು. ಇನ್ನೂರಾ ಹತ್ತು. ತೊಂಬತ್ತು.
ಏನದು ಎಂದು ಯಾರೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.
ಹೊಟ್ಟೆ ಮೇಜಿಗೆ ತಾಗತೊಡಗಿದಾಗ
ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿಕೊಂಡೆ, ಅಷ್ಟೆ.

ಇಲ್ಲಿಯವರು ತೋಜ್ ಎನ್ನುವ ಧೂಳು ಎದ್ದ ದಿನ
ಹನ್ನೆರಡಕ್ಕೇ ಬೀದಿದೀಪ ಹತ್ತುತ್ತಿತ್ತು.
ಯಂತ್ರಕ್ಕೂ ಉಬ್ಬಸ, ಅಂಕಿ ಬರುತ್ತಿರಲಿಲ್ಲ.
ಖಾಲಿ ಬಿಡಬೇಡ, ಗೀಟು ಹಾಕು, ಎಂದರು ಸಾಹೇಬರು.
ಹಾಕಿದೆ.
ಚೌಕಾಬಾರ ಆಡಿ ಬೆಳೆದವಳು ನಾನು:
ಗೀಟೆಳೆದ ಮನೆ ಕಟ್ಟೆಮನೆ,
ಅಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ.

ಸಂಡೂರಿನವಳಿಗೆ ಧೂಳಿನ ಭಯವೇ?
ನಮ್ಮ ಧೂಳು ಕೆಂಪು. ಸೆರಗಿನಿಂದ ಒರೆಸಿದರೆ
ಸೆರಗಿಗೆ ಬರುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು.
ಇಲ್ಲಿಯದು ಬಿಳಿ ಕರ್ಚೀಫಿನಲ್ಲೂ ಸುಳಿವು ಕೊಡದೆ
ಒಳಗೆ ಹೋಗಿ, ನೆತ್ತರಲ್ಲಿ ಈಜಿ,
ಹೊಕ್ಕುಳಬಳ್ಳಿಯವರೆಗೂ ಹೋಗಿತ್ತೋ ಏನೋ.
ಬಯಕೆಯೆಂದು ಮಣ್ಣು ಮೆದ್ದ ಬಸುರಿಯರುಂಟು ನಮ್ಮ ಕಡೆ.
ನಾನು ಬಯಸದೆ ಉಂಡೆ.

ಡಾಕ್ಟರ್ ರಶಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.
ಗಾಳಿಯೇ ಎಂದು ಹೇಳಲಾರೆ, ಎಂದರು,
ಗಾಳಿಯಲ್ಲ ಎಂದೂ ಹೇಳಲಾರೆ.
ಸಾವಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಏನೋ ಕಾಣುತ್ತದಂತೆ,
ಒಬ್ಬಳನ್ನೇ ನಿಲ್ಲಿಸಿದರೆ ಕಾಣುವುದಿಲ್ಲವಂತೆ.
ನನಗಿರುವುದು ಒಬ್ಬಳೇ.

ಹುಲುಗಪ್ಪನಿಗೆ ಹೇಳಿದೆ.
ರಿಫೈನರಿಯಿಂದ ಆಗಷ್ಟೆ ಬಂದು ಬೂಟು ಬಿಚ್ಚುತ್ತಿದ್ದ.
‘ಅಂದ್ರ? ನನ್ನ ಕೆಲಸದ್ದ ತಪ್ಪೇನು?’
ನಾನು ಹಾಗನ್ನಲಿಲ್ಲ.
ಅವನೂ ಮತ್ತೆ ಕೇಳಲಿಲ್ಲ. ಬಿಚ್ಚಿದ ಬೂಟನ್ನು
ಎತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿಟ್ಟು
ಬಾಗಿಲೆಳೆದುಕೊಂಡ.
ಗಾಜಿನಾಚೆ ಶುಐಬಾದ ಬೆಂಕಿ ಎಂದಿನಂತೆ ಕುಣಿಯುತ್ತಿತ್ತು,
ದಿನಾ ಸಂಜೆ ಅದನ್ನು ತೋರಿಸಿಯೇ
ಇಂಚರಳಿಗೆ ತುತ್ತಿಡುತ್ತಿದ್ದೆ ಒಂದು ಕಾಲಕ್ಕೆ.

ಹಳೆಯ ಪೆನ್‌ಡ್ರೈವ್ ಹುಡುಕಿದೆ.
ಆ ಒಂಬತ್ತು ತಿಂಗಳನ್ನು ಪ್ರಿಂಟು ತೆಗೆದು
ನೆಲದ ಮೇಲೆ ಹಾಸಿಕೊಂಡು ಎಣಿಸಿದೆ:
ಹನ್ನೊಂದು ಗೀಟು.
ಆ ಹನ್ನೊಂದು ದಿನ ಎಷ್ಟಿತ್ತೆಂದು
ಬಲ್ಲವಳು ಒಬ್ಬಳೇ. ಅವಳಿಗೆ ಆಗ
ಮೂಗಿನ್ನೂ ಮೂಡುತ್ತಿತ್ತು.

ಪಕ್ಕ ಬಂದು ಕೂತಳು, ಕೈಯಲ್ಲಿ ಪೆನ್ಸಿಲು.
ಏನಮ್ಮ ಇದು?
ನೀನು ಹುಟ್ಟುವ ಮುಂಚಿನ ಹವೆ.
ಸಾಲು ಸಾಲಾಗಿ ಬೆರಳಾಡಿಸಿದಳು, ತುಟಿ ಅಲುಗಿತು,
ತಪ್ಪು, ಎಂದಳು. ಹನ್ನೊಂದಲ್ಲ, ಹನ್ನೆರಡು.

ಮತ್ತೆ ಎಣಿಸಿದೆ.
ಹನ್ನೆರಡು.

ಅದಕ್ಕೊಂದು ಗುಂಡು ಸುತ್ತಲು ಹೋಗಿ
ಮೊನೆ ಮುರಿಯಿತು.
ಕಾಗದದ ಮೇಲೆ ಉರುಳಿ ನಿಂತ ಆ ಕರೀ ಚೂರನ್ನು
ಇಬ್ಬರೂ ಉಸಿರು ಹಿಡಿದು
ನೋಡುತ್ತ ಕೂತೆವು.