ಕೆಳಗಿನ ಅರ್ಧ

ಮುಹರ್ರಕ್‌ನ ಈ ಓಣಿಯಲ್ಲಿ ರಾತ್ರಿ ಹನ್ನೊಂದಕ್ಕೆ
ಬೆಕ್ಕುಗಳಿಗೂ ಬೆವರು.
ಜಾಸಿಮ್‌ನ ಗ್ಯಾರೇಜಿನ ಶಟರ್ ಅರ್ಧ ಇಳಿದಿದೆ,
ಬಗ್ಗಿ ಒಳಗೆ ಹೋಗಬೇಕು, ಗುಡಿಗೆ ಹೋದ ಹಾಗೆ.
ಬೇಡ, ಹಿಟ್ಟಿನ ಗಿರಣಿಗೆ ಹೋದ ಹಾಗೆ.

ಹಗಲು ಅವನು ಕಾರಿನ ಡಿಕ್ಕಿಗಳಲ್ಲಿ ಸ್ಪೀಕರ್ ಕೂರಿಸುತ್ತಾನೆ.
ನಾನು ಮನಾಮಾದಲ್ಲಿ, ಎಕ್ಸ್‌ಚೇಂಜಿನ ಗಾಜಿನ ಹಿಂದೆ,
ಊರಿಗೆ ಕಳಿಸುವವರ ರೊಕ್ಕ ಎಣಿಸುತ್ತೇನೆ.
ದಿನಾರಿಗೆ ರೂಪಾಯಿ ಎಷ್ಟು, ಟಾಕಾ ಎಷ್ಟು, ಪೆಸೊ ಎಷ್ಟು,
ದಿನಕ್ಕೆ ಇನ್ನೂರು ಸಲ, ಒಂದೇ ಉಸಿರಿನಲ್ಲಿ.
ಚೀನಾದ ಆಂಪ್ಲಿಫೈಯರಿಗೆ ದುಡ್ಡು ಕಟ್ಟಲು ಬಂದವನು
ಗಾಜಿಗೆ ಕಿವಿ ಹಚ್ಚಿ, ತನ್ನ ಮುರುಕು ಹಿಂದಿಯಲ್ಲಿ,
‘ನೀನು ರ‍್ಯಾಪ್ ಮಾಡುತ್ತಿದ್ದೀ, ನಿನಗೇ ಗೊತ್ತಿಲ್ಲ’ ಅಂದ.
ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೆ.

ಮೊದಲು ಕದ್ದದ್ದು ನೋಟು ಎಣಿಸುವ ಯಂತ್ರದ ಸದ್ದು:
ಊಟದ ಡಬ್ಬಿಯೊಳಗೆ ಫೋನು, ಮೇಲೆ ಚಪಾತಿ,
ಮ್ಯಾನೇಜರ್ ತಂಗಚ್ಚನ್ ಆಚೆ ತಿರುಗಿದಾಗ
ಟರ್ರ್, ಟರ್ರ್, ತಡೆದು ಟರ್ರ್.
ಜಾಸಿಮ್ ಅದನ್ನು ಚೂರು ಚೂರು ಕತ್ತರಿಸಿ
ಒಂಬತ್ತು ಹಾಡಿಗೂ ಮೇಲಿನಿಂದ ಎರಚಿದ, ಸಾಸಿವೆಯಂತೆ.

ಕೆಳಗಿನದು ಅವನ ಮನೆಯದು.
ಅವನ ಮುತ್ತಾತ ಮುತ್ತು ತೆಗೆದವನು
(ಇದನ್ನು ಅವನಿಗೆ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು,
ಆಮೇಲೆ ಎರಡು ದಿನ ನಕ್ಕ).
ದೋಣಿಯ ಮೇಲೆ ಒಬ್ಬ ಹಾಡಿದರೆ ಉಳಿದವರು
ಹಾಡುತ್ತಿರಲಿಲ್ಲವಂತೆ, ಹೊಕ್ಕುಳಿನ ಕೆಳಗಿಂದ
ಹೂಂ ಎನ್ನುತ್ತಿದ್ದರಂತೆ, ಬಾಯಿ ತೆರೆಯದೆ.
ತಾತ ಉಳಿಸಿದ ಕ್ಯಾಸೆಟ್ಟಿನಲ್ಲಿ ಆ ಹೂಂ ಇತ್ತು.
ಇಳಿಸಿದ. ಇನ್ನೂ ಇಳಿಸಿದ.
ಕಿವಿಗೆ ಕೇಳಿಸುವುದು ನಿಂತಿತು,
ಕುರ್ಚಿಗೆ ಕೇಳಿಸತೊಡಗಿತು,
ಚಹಾದ ಲೋಟದಲ್ಲಿ ಉಂಗುರದ ಮೇಲೆ ಉಂಗುರ.

ಅದರ ಮೇಲೆ ನಿಂತು ನಾನು ಅಂದೆ:
ಎಣಿಸಿದ್ದು ಯಾರ ರೊಕ್ಕ, ಎಣಿಸ್ದಾಕಿ ಯಾರ ಮಗಳು,
ತಪ್ಪಿದ್ರ ನಂದು ಲೆಕ್ಕ, ಸರಿ ಬಂದ್ರ ನಿಮ್ದು ಹಗಲು.

‘ಮಾತು ಕಮ್ಮಿ ಮಾಡು, ಬಾಸ್‌ಗೆ ಜಾಗ ಬಿಡು.’
‘ಜಾಗ ನೀನೇ ಬಿಡು, ನಿನ್ನದೇ ದೇಶ.’
ಹನ್ನೊಂದು ದಿನ ಮಾತಿಲ್ಲ.
ಹನ್ನೆರಡನೆಯ ದಿನ ಒಂದು ಕಡತ ಬಂತು,
ನಡುವೆ ಎಂಟು ಸೆಕೆಂಡು ಖಾಲಿ. ತುಂಬಲಿಲ್ಲ,
ಖಾಲಿಯೇ ಚೆನ್ನಾಗಿತ್ತು.

ಪಕ್ಕದ ಮನೆಯ ಉಮ್ ರಾಶಿದ್ ಶಟರ್ ಬಡಿದಳು:
ಕಪಾಟಿನ ಕಪ್ಪುಗಳೆಲ್ಲ ಅಂಚಿಗೆ ನಡೆದು ಬಂದಿವೆ,
ಒಂದು ಬಿದ್ದಿದೆ, ದುಡ್ಡು ಕೊಡಿ.
ಕೊಟ್ಟೆವು. ಹೋಗುವಾಗ ತಿರುಗಿ,
ಮೂರನೆಯದು ಪರವಾಗಿಲ್ಲ, ಅಂದಳು.

ಗದಗಿನ ತಂಗಿಗೆ ಕಳಿಸಿದೆ. ಅನ್ನಪೂರ್ಣಿ ಅಂದಳು:
‘ಅಕ್ಕಾ, ನಿನ್ನ ಮಾತು ಕೇಳಿಸ್ತು.
ಹಿಂದ ಸೊಳ್ಳಿ ಗುಂಯ್ಗುಟ್ಟಿದಂಗ ಏನೋ ಐತಿ.
ಹಾಡು ಎಲ್ಲೈತಿ?’

ಫೋನಿನ ಬಾಯಿ ಸಣ್ಣದು, ಅಂದ ಜಾಸಿಮ್,
ಕೆಳಗಿನ ಅರ್ಧ ಅದರಲ್ಲಿ ಹಿಡಿಯುವುದಿಲ್ಲ.
ನಾನು ವೈರು ಸುತ್ತುತ್ತ ಕೂತೆ.
ಒಂಬತ್ತು ವರ್ಷ ಇದೇ ಬಾಯಲ್ಲಿ
‘ಆರಾಮದೀನಿ’ ಅನ್ನುತ್ತ ಬಂದಿದ್ದೇನೆ.

ಶುಕ್ರವಾರ ಮಧ್ಯಾಹ್ನ ಅವಳದೇ ಫೋನು, ಪ್ರೆಸ್ಸಿನಿಂದ.
ಕ್ಯಾಲೆಂಡರಿನ ಹಾಳೆ ಬೀಳುವಲ್ಲಿ,
ಮಷಿನ್ನಿನ ಮಗ್ಗುಲಿಗೆ ಇನ್ನೊಂದು ಫೋನಿಟ್ಟು ನನ್ನನ್ನು ಹಚ್ಚಿದ್ದಾಳೆ:
ಧಡ್, ಧಡ್, ಅದರ ಮೇಲೆ ನನ್ನ ದನಿ,
ಜೋಳದ ರೊಟ್ಟಿ ಬಡಿಯುವಾಗ ಹರಟಿದಂತೆ.
‘ಈಗ ಹೊಂದತೈತಿ ನೋಡ.
ಆದ್ರ ಮಷಿನ್ ತುಸು ಹಿಂದ ಉಳೀತೈತಿ.’

ತಾಸಿಗೆ ಎಷ್ಟು ಹಾಳೆ, ಕೇಳು, ಅಂದ ಜಾಸಿಮ್.
ನಾಲ್ಕು ಸಾವಿರ.
ಅಂಗೈ ಮೇಲೆ ಬರೆದ, ಭಾಗಿಸಿದ, ಎರಡರಿಂದ ಗುಣಿಸಿದ,
ನಮ್ಮದಕ್ಕಿಂತ ಆರು ಕಮ್ಮಿ, ಅಂದ. ಗಂಭೀರವಾಗಿ.
ಹೇಳಿದೆ.

‘ಹೌದೇನು? ತಡಿ ಹಂಗಾರ.
ಲಗ್ನಪತ್ರದ ಅರ್ಜೆಂಟ್ ಕೆಲಸ ಬಂದೈತಿ,
ನಾಳೆ ಜೋರು ಓಡಸ್ತಾರ.
ನಾಳೆ ಹಚ್ಚತೀನಿ.’