ಕೊಳವೆಯ ತಪ್ಪಲ್ಲ

ಅಕ್ರಾದ ಕೊರ್ಲೆಬು ಆಸ್ಪತ್ರೆಯ ಗೇಟಿನೆದುರು
ಬೇಯಿಸಿದ ಮೊಟ್ಟೆ ಮಾರುವವಳ ಪಕ್ಕಕ್ಕೆ ಆ ಅಂಗಡಿ.
ಹೆಸರು: 'ದೇವರ ಸಮಯವೇ ಸರಿಸಮಯ ಸರ್ಜಿಕಲ್ಸ್'.
ಒಳಗೆ ಫ್ಯಾನು ತಿರುಗುವುದು
ಕರೆಂಟಿಗೆ ಮನಸ್ಸು ಬಂದಾಗ.

ಸೀನಿಯರ್ ಬರೆದುಕೊಟ್ಟ ಚೀಟಿ ಕೈಯಲ್ಲೇ ಒದ್ದೆಯಾಗಿತ್ತು:
ಸ್ಟೆತಸ್ಕೋಪು, ಬಿಪಿ ಪಟ್ಟಿ, ಮಂಡಿಗೆ ತಟ್ಟುವ ಸುತ್ತಿಗೆ,
ಕಿವಿಯೊಳಗೆ ಇಣುಕುವ ದೀಪ, ಕಣ್ಣೊಳಗೆ ಇಣುಕುವ ದೀಪ,
ಶ್ರುತಿಕವೆ, ನೂರಿಪ್ಪತ್ತೆಂಟರದು, ಬೇರೆಯದು ಬೇಡ.
ಕೆಳಗೆ ಗೆರೆ ಎಳೆದು:
'ಎಲ್ಲ ಒಂದೇ ಸಲ ಕೊಳ್ಳುವವರು ಮಂತ್ರಿಯ ಮಕ್ಕಳು.'

ನನ್ನ ಹತ್ತಿರ ಅಕ್ಕ ಡೆಡೆಯ್ ಕೊಟ್ಟ ಆರುನೂರು ಸೆಡಿ.
ಹನ್ನೊಂದು ಶಾಲೆಯ ಸಮವಸ್ತ್ರ, ಒಂದು ಮದುವೆಯ ಅಂಗಿ;
ನೋಟುಗಳಿಗೆ ಇನ್ನೂ ಹೊಲಿಗೆ ಮಷೀನಿನ ಎಣ್ಣೆ ವಾಸನೆ.
ಗಾಜಿನಾಚೆ ಬಣ್ಣಗಳು. ನೇರಳೆ, ಹವಳ, ಸಮುದ್ರನೀಲಿ.
ನನ್ನ ಕ್ಲಾಸಿನವನೊಬ್ಬ ಹೋದ ವಾರ ಇಲ್ಲೇ
ಹಿತ್ತಾಳೆ ಬಿಲ್ಲೆಯ ಮೇಲೆ 'ಡಾಕ್ಟರ್' ಎಂದು ಕೆತ್ತಿಸಿಕೊಂಡಿದ್ದ,
ಐದು ವರ್ಷ ಮುಂಚಿತವಾಗಿ.

ಅಂಗಡಿಯ ಅಟಾ ಲಾರ್ಯಾ ಬಣ್ಣ ಕೇಳಲಿಲ್ಲ.
ಅಂಗಿಯ ಮೂರು ಗುಂಡಿ ಬಿಚ್ಚಿ ಸ್ಟೂಲಿನ ಮೇಲೆ ಕೂತರು,
ಕ್ಷೌರಕ್ಕೆ ಕೂತವರ ಹಾಗೆ.
'ಕೇಳಿ ನೋಡು. ಕೇಳದೆ ಕೊಳ್ಳಬೇಡ.'

ಅಗ್ಗದ್ದರಲ್ಲಿ ಕೇಳಿಸಿದ್ದು ಗೋಡೆಯಾಚೆಯ ಜಗಳ.
ಯಾರು, ಯಾಕೆ, ಒಂದೂ ತಿಳಿಯದು.
ನೀಲಿಯದರಲ್ಲಿ ಸದ್ದು ಹತ್ತಿರ ಬಂತು:
ಲಬ್
ಆಮೇಲೆ ದೋಣಿಯ ತಳ ಮರಳಿಗೆ ಉಜ್ಜಿದ ಹಾಗೆ ಏನೋ
ಡಬ್.
'ಇದರಲ್ಲಿ ದೋಷವಿದೆ' ಅಂದೆ.
ಅವರು ಮಾತಾಡದೆ ಎಲ್ಲಕ್ಕಿಂತ ದುಬಾರಿಯದನ್ನು ಕೊಟ್ಟರು.
ಮತ್ತೆ ಅದೇ ದೋಣಿ, ಅದೇ ಮರಳು.
'ಇದರಲ್ಲೂ.'

'ಕೊಳವೆಯ ತಪ್ಪಲ್ಲ ಮಗಳೇ.
ಒಂಬತ್ತನೇ ವಯಸ್ಸಿಗೆ ಗಂಟಲುನೋವು ಬಂತು, ಹೋಯಿತು.
ಕೀಲು ಊದಿತು, ಇಳಿಯಿತು.
ಇದೊಂದು ಉಳಿದುಕೊಂಡಿದೆ, ಬಾಡಿಗೆ ಕೊಡದೆ.'

ನಾನು ಅಲ್ಲಿಯವರೆಗೆ ಕಲಿತದ್ದು ಮುಂಗೈಯ ಎರಡು ಮೂಳೆ.
ಮುದುಕನ ಎದೆಯನ್ನು ಕೆಟ್ಟ ಸರಕೆಂದು
ವಾಪಸು ಮಾಡಲು ಹೊರಟಿದ್ದೆ.
ನಾಚಿಕೆಗೆ ಬಾಯಿಗೆ ಬಂದದ್ದು ಇನ್ನೂ ದಡ್ಡ ಮಾತು:
'ಡಾಕ್ಟರಿಗೆ ತೋರಿಸಿದ್ದೀರಾ?'

ಅವರು ರಸ್ತೆಯಾಚೆಗೆ ಗದ್ದ ಎತ್ತಿದರು.
'ಇಪ್ಪತ್ತಾರು ವರ್ಷದಿಂದ ಅಲ್ಲಿನ ಅರ್ಧದಷ್ಟು ಡಾಕ್ಟರುಗಳು
ಮೊದಲು ಕಿವಿಗೊಟ್ಟದ್ದು ನನ್ನೆದೆಗೆ.
ಕೆಲವರಿಗೆ ಕೇಳಿಸುವುದೇ ಇಲ್ಲ, ಬಣ್ಣ ನೋಡಿ ಒಯ್ಯುತ್ತಾರೆ.
ಕೆಲವರಿಗೆ ಕೇಳಿಸುತ್ತದೆ, ಬೇಗ ಬೇಗ ಬೆಲೆ ಕೇಳುತ್ತಾರೆ.
ತೋರಿಸಿದೆ. ಅವರೂ ನಿನ್ನ ಮುಖವನ್ನೇ ಮಾಡಿದರು.
ಕೊನೆಗೊಂದು ಅಂಕಿ ಹೇಳಿದರು.
ಈ ಅಂಗಡಿ ಪೂರ್ತಿ ಮಾರಿದರೂ...'
ಕರೆಂಟು ಬಂತು. ಎದ್ದು ಫ್ಯಾನು ಸರಿಮಾಡಿದರು.

ಮೀನು ಮಾರುವವಳ ಮಗಳು ನಾನು,
ಚೌಕಾಸಿಗೆ ನಾಲಿಗೆ ಏಳಲಿಲ್ಲ.
ನೀಲಿಯದು ಇನ್ನೂರೆಂಬತ್ತು, ಶ್ರುತಿಕವೆ ತೊಂಬತ್ತು.
ಸುತ್ತಿಗೆಗೆ ಸದ್ಯ ಅಂಗೈಯ ಅಂಚೇ ಸಾಕು,
ದೀಪಗಳು ಬರುವ ವರ್ಷಕ್ಕೆ.
ಅವರು ಹೇಳದೆಯೇ ಒಂದು ಜೊತೆ ಕಿವಿತುದಿ ಹೆಚ್ಚಿಗೆ ಹಾಕಿದರು.
'ಕಳೆಯುತ್ತವೆ. ಎಲ್ಲರೂ ಕಳೆಯುತ್ತಾರೆ.'

ಮನೆಯಲ್ಲಿ ಡೆಡೆಯ್ ಮೊದಲು ಕಸಿದುಕೊಂಡಳು.
ತನ್ನ ಹೊಲಿಗೆ ಮಷೀನಿಗೆ ಹಚ್ಚಿ
'ಇದಕ್ಕೂ ಏನೋ ಕಾಯಿಲೆ ಇದೆ ಕೋರ್ಕೋಯ್' ಎಂದು ನಕ್ಕಳು.
ಅಮ್ಮ ಹಿತ್ತಲಲ್ಲಿ, ಮೀನು ಹೊಗೆಗಿಟ್ಟ ಒಲೆಯ ಮುಂದೆ.
ಸೆರಗಿನಂಚು ಸರಿಸಿ ಬಿಲ್ಲೆ ಇಟ್ಟೆ.
ಮೂವತ್ತು ವರ್ಷದ ಹೊಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಲಬ್.
ಡಬ್.
ಎರಡರ ನಡುವೆ ಏನೂ ಇಲ್ಲ.
ಆ ಏನೂ ಇಲ್ಲದ ಕಡೆ ಬಹಳ ಹೊತ್ತು ನಿಂತೆ.

'ಸಾಕು ಬಿಡು' ಅಂದಳು ಅಮ್ಮ,
'ಮೀನು ಸೀಯುತ್ತಿದೆ.'